ಹನ್ನೊಂದನೆಯ ಪ್ಯಾರಾ

ನಿವೃತ್ತ ಜಡ್ಜ್ ಸೋಮಶೇಖರ್ ಚುನಾವಣೆಗೆ ನಿಂತಿದ್ದಾರಂತೆ ಎಂಬ ಸುದ್ದಿ ಬಂದಾಗ ಚಾಮರಾಜನಗರದ ಕೋರ್ಟಿನ ಮುಂದಿನ ಟೀ ಅಂಗಡಿಯಲ್ಲಿ ವಕೀಲರು ಒಂದು ವಾರ ಅದನ್ನೇ ಜಗಿದರು. ಮೂವತ್ತೊಂದು ವರ್ಷ ಎತ್ತರದ ಕುರ್ಚಿಯಿಂದ ಕೆಳಗೆ ನೋಡಿದ ಮನುಷ್ಯ ಈಗ ಮನೆಮನೆಗೆ ಹೋಗಿ ಹಲ್ಲು ಕಿರಿಯಬೇಕಲ್ಲ, ಅವರಿಗೆ ಹಲ್ಲಿದೆಯೋ ಇಲ್ಲವೋ ನಾವಂತೂ ನೋಡಿಲ್ಲ ಎಂದು ಒಬ್ಬರು ಅಂದರು. ತಮಾಷೆಗೆ ಅಂದದ್ದಾದರೂ ಅದರಲ್ಲಿ ಸುಳ್ಳಿರಲಿಲ್ಲ. ಸೋಮಶೇಖರ್ ನಕ್ಕದ್ದನ್ನು ನೋಡಿದವರು ಊರಲ್ಲಿ ಬೆರಳೆಣಿಕೆಯಷ್ಟು ಮಂದಿ.

ಚುನಾವಣೆಯೇನು ವಿಧಾನಸಭೆಯದಲ್ಲ. ಸಮಾಜದ ವಿದ್ಯಾರ್ಥಿನಿಲಯಗಳ ಸಂಘಕ್ಕೆ ಅಧ್ಯಕ್ಷರನ್ನು ಆರಿಸುವುದು, ಅಷ್ಟೆ. ಚಾಮರಾಜನಗರದಲ್ಲಿ ಗಂಡುಮಕ್ಕಳ ಹಾಸ್ಟೆಲ್ಲು, ಗುಂಡ್ಲುಪೇಟೆಯಲ್ಲಿ ಹೆಣ್ಣುಮಕ್ಕಳದ್ದು. ಎರಡೂ ತಾಲ್ಲೂಕು ಸೇರಿದರೆ ಸಾವಿರದ ಒಂಬೈನೂರು ಮತದಾರರು. ಹುದ್ದೆಗೆ ಸಂಬಳವಿಲ್ಲ. ಒಂದು ಕೋಣೆ, ಒಂದು ಅಗಲವಾದ ಮೇಜು, ಹಿಂದೆ ಎತ್ತರದ ಬೆನ್ನಿನ ಕುರ್ಚಿ. ಸೋಮಶೇಖರ್ ಅವರಿಗೆ ಬೇಕಾಗಿದ್ದದ್ದು ಆ ಕುರ್ಚಿ. ಇದನ್ನು ಮುಚ್ಚಿಟ್ಟು ಏನೂ ಪ್ರಯೋಜನವಿಲ್ಲ.

ಅವರು ಉಡಿಗಾಲದ ಹೊಲಮನೆಯುಳ್ಳವರ ಕಿರಿಮಗ. ಮೈಸೂರಿನಲ್ಲಿ ಕಾನೂನು ಓದಿ, ಚಾಮರಾಜನಗರದಲ್ಲಿ ನಾಲ್ಕು ವರ್ಷ ಕರಿಕೋಟು ತೊಟ್ಟು ಓಡಾಡಿ, ಮುನ್ಸೀಫ್ ಪರೀಕ್ಷೆ ಪಾಸು ಮಾಡಿದರು. ಅಲ್ಲಿಂದ ಸಿಂದಗಿ, ಭಟ್ಕಳ, ಹೊಸದುರ್ಗ ಎಂದು ಊರೂರು ಅಲೆದು, ಜಿಲ್ಲಾ ನ್ಯಾಯಾಧೀಶರಾಗಿ, ಕೊನೆಯ ಐದು ವರ್ಷ ಬೆಂಗಳೂರಿನಲ್ಲಿ ರಾಜ್ಯಮಟ್ಟದ ಮೇಲ್ಮನವಿ ಪೀಠವೊಂದರಲ್ಲಿ ಕೂತರು. ರಾಜ್ಯದ ಯಾವ ಮೂಲೆಯಲ್ಲಿ ಸಹಕಾರ ಸಂಘದ ಜಗಳವಾದರೂ ಕೊನೆಗೆ ಅವರ ಮೇಜಿಗೆ ಬರಬೇಕಿತ್ತು. ಹೈಕೋರ್ಟಿಗೆ ಅವರ ಹೆಸರು ಎರಡು ಸಲ ಹೋಗಿ ಎರಡು ಸಲವೂ ಹಾಗೇ ವಾಪಸು ಬಂತು. ಎರಡು ಸಲವೂ ಅವರು ಮಾಮೂಲಿನಂತೆ ಊಟ ಮಾಡಿ ಮಲಗಿದರು.

ಮುಖದಲ್ಲಿ ಏನೂ ತೋರಿಸಬಾರದು ಎಂಬುದು ಆ ಕೆಲಸದ ಮೊದಲ ಪಾಠ. ನೆಂಟರ ಮದುವೆಗೆ ಹೋಗಬಾರದು, ಕಂಡವರ ಮನೆಯಲ್ಲಿ ಕಾಫಿ ಕುಡಿಯಬಾರದು, ಯಾರಾದರೂ ಅತ್ತರೆ ಕಡತದ ಕಡೆ ನೋಡಬೇಕು. ಸೋಮಶೇಖರ್ ಈ ಪಾಠವನ್ನು ಎಷ್ಟು ನಿಷ್ಠೆಯಿಂದ ಕಲಿತರೆಂದರೆ, ಕೊನೆಕೊನೆಗೆ ತೋರಿಸುವುದಕ್ಕೆ ಒಳಗೂ ಏನೂ ಉಳಿಯಲಿಲ್ಲ. ತಾಯಿ ತೀರಿಕೊಂಡಾಗ ಮಣ್ಣು ಮಾಡಿ ಮೂರನೆಯ ದಿನ ಪೀಠದಲ್ಲಿ ಕೂತಿದ್ದರು. "ನಿಮಗೆ ಅಳು ಬರಲ್ವೇನ್ರೀ?" ಎಂದು ಹೆಂಡತಿ ಸುಧಾಮಣಿ ಕೇಳಿದ್ದಳು. ಬರುತ್ತದೋ ಎಂದು ಅವರು ಒಂದು ಗಳಿಗೆ ಕಾದು ನೋಡಿದರು. ಬರಲಿಲ್ಲ.

ನಿವೃತ್ತರಾಗಿ ಚಾಮರಾಜನಗರದಲ್ಲಿ ಮನೆ ಮಾಡಿದ ಮೇಲೆ ಪ್ರತಿದಿನ ಹತ್ತೂಮುಕ್ಕಾಲಕ್ಕೆ ಸರಿಯಾಗಿ ಇಸ್ತ್ರಿ ಶರಟು ತೊಟ್ಟು ಹೊರಕೋಣೆಯಲ್ಲಿ ಕೂರುತ್ತಿದ್ದರು. ಯಾರೂ ಬರುತ್ತಿರಲಿಲ್ಲ. ಏಳು ವರ್ಷ ಹೀಗೆ ಕೂತ ಮೇಲೆ, ಸಂಘದ ಹಳೇ ಅಧ್ಯಕ್ಷರು ಕಾಲವಾದರೆಂಬ ಸುದ್ದಿ ಬಂತು. ಎಷ್ಟೋ ದಿನದ ಮೇಲೆ ಅವರಿಗೆ ಏನೋ ಒಂದು ಬೇಕು ಅನ್ನಿಸಿದ್ದು ಆಗಲೇ.

ಚಾಮರಾಜನಗರದ ಮತಗಳು ಅವರಿಗೂ ಎದುರಾಳಿಗೂ ಅರ್ಧರ್ಧ ಹಂಚಿಹೋಗಿದ್ದವು. ಇನ್ನು ಉಳಿದದ್ದು ಗುಂಡ್ಲುಪೇಟೆ. ಅಲ್ಲಿ ಅರಿಶಿನದ ಮಂಡಿ ಇಟ್ಟಿದ್ದ ಮರಿಮಲ್ಲಪ್ಪ ಕಣ್ಸನ್ನೆ ಮಾಡಿದರೆ ಆರುನೂರು ಓಟು ಒಂದೇ ಕಡೆ ಬೀಳುತ್ತಿದ್ದವು. ಆತ ತಾನಾಗಿಯೇ ಫೋನು ಮಾಡಿ, "ನೀವು ಯೋಚ್ನೆ ಮಾಡ್ಬ್ಯಾಡಿ ಸಾರ್. ನಿಮ್ಮ ಋಣ ನಮ್ಮ ಮೇಲದೆ" ಎಂದ. ಏನು ಋಣವೋ ಸೋಮಶೇಖರ್ ಅವರಿಗೆ ನೆನಪಾಗಲಿಲ್ಲ. ಕೇಳಲೂ ಹೋಗಲಿಲ್ಲ.

ಅದು ಗೊತ್ತಾದದ್ದು ಚುನಾವಣೆಗೆ ನಾಲ್ಕು ದಿನ ಮುಂಚೆ, ಬುಧವಾರ. ಮರಿಮಲ್ಲಪ್ಪ ಅವರನ್ನು ತನ್ನ ಜೀಪಿನಲ್ಲಿ ಕೂರಿಸಿಕೊಂಡು ಬಂಡೀಪುರದ ಕಡೆಗಿರುವ ತನ್ನ ಸ್ವಂತ ಊರು ಮಾಳದಹುಂಡಿಗೆ ಕರೆದೊಯ್ದ. ಊರ ನಡುವೆ ಹಾಲಿನ ಸಂಘದ ಕಟ್ಟಡ. ಊರವರ ಬಾಯಲ್ಲಿ ಡೈರಿ. ಅದರ ಜಗಲಿಯ ಮೇಲೆ ಕುರ್ಚಿ ಹಾಕಿ ಕಾಫಿ ಕೊಟ್ಟರು. ಹಾಲು ಅಳೆಯುವ ಮೇಜಿನ ಹಿಂದಿನ ಗೋಡೆಯಲ್ಲಿ ಮಾದಪ್ಪನ ಪಟ, ಅದರ ಪಕ್ಕದಲ್ಲಿ ಅಷ್ಟೇ ದೊಡ್ಡ ಇನ್ನೊಂದು ಕಟ್ಟು. ಗಾಜಿನೊಳಗೆ ಕನ್ನಡ ಅಕ್ಷರ. ಸೋಮಶೇಖರ್ ಕನ್ನಡಕ ಹಾಕಿಕೊಂಡು ಎದ್ದು ಹೋಗಿ ಓದಿದರು.

"೧೧. ಗುಡಿಯಲ್ಲಿ ಕರ್ಪೂರ ಆರಿಸಿದ ಮಾತ್ರಕ್ಕೆ ಹಸು ತನ್ನದೆಂದು ಸಿದ್ಧವಾಗುವುದಿಲ್ಲ. ದೇವರು ಸಾಕ್ಷಿಕಟ್ಟೆಗೆ ಬಂದು ಪಾಟೀಸವಾಲಿಗೆ ಉತ್ತರಿಸುವವನಲ್ಲ. ಪ್ರಮಾಣ ಮಾಡಿದವರೆಲ್ಲರೂ ಸತ್ಯವನ್ನೇ ನುಡಿಯುವುದಾದರೆ ನ್ಯಾಯಾಲಯಗಳೇ ಬೇಕಿರಲಿಲ್ಲ. ಸ್ವಂತ ಹಸುವಿಲ್ಲದವರು ಸಂಘದ ಸದಸ್ಯರಾಗಿರಲು ಅರ್ಹರಲ್ಲ."

ಅವರದೇ ಬರವಣಿಗೆ. ಬೆಂಗಳೂರಿನ ಪೀಠದಲ್ಲಿದ್ದಾಗ ಅವರು ಹಟ ಹಿಡಿದು ಕನ್ನಡದಲ್ಲಿ ತೀರ್ಪು ಬರೆಯುತ್ತಿದ್ದರು. ಅದಕ್ಕೆ ಒಂದು ಸಮಾರಂಭದಲ್ಲಿ ಶಾಲು, ಹಾರ, ಗಂಧದ ಮಾಲೆ ಸಿಕ್ಕಿದ್ದವು. ಈ ಪ್ಯಾರಾವನ್ನೇ ಅಲ್ಲಿ ಓದಿ ಚಪ್ಪಾಳೆ ತಟ್ಟಿದ್ದರು. ಇಷ್ಟು ದೂರದ ಹಳ್ಳಿಯಲ್ಲಿ, ದೇವರ ಪಕ್ಕದಲ್ಲಿ ಅದನ್ನು ಕಂಡು ಅವರಿಗೆ ಒಂದು ಚೂರು ಹಿತವಾಯಿತು. ಇಂಗ್ಲಿಷಿನಲ್ಲಿ ಬರೆದಿದ್ದರೆ ಮಾಳದಹುಂಡಿಯಲ್ಲಿ ಓದುವವರೇ ಇರುತ್ತಿರಲಿಲ್ಲ, ಅದು ಕಡತದೊಳಗೆ ತನ್ನ ಪಾಡಿಗೆ ತಾನು ಬಿದ್ದಿರುತ್ತಿತ್ತು ಎಂಬುದು ಆಗ ಅವರಿಗೆ ಹೊಳೆಯಲಿಲ್ಲ.

"ಹತ್ತು ವರ್ಸದಿಂದ ಇಲ್ಲೇ ಅದೆ ಸಾರ್," ಎಂದ ಮರಿಮಲ್ಲಪ್ಪ. "ನಮ್ ಸೊಸೆ ಡೈರಿ ಎಲೆಕ್ಸನ್‌ಗೆ ನಿಂತು ಒಂದು ಓಟಲ್ಲಿ ಸೋತೋದ್ಳು. ಗೆದ್ದೋಳು ಪುಟ್ಟಮಾದಮ್ಮ ಅಂತ. ಅವ್ಳ ಹಸೀನ ಕಿವಿ ಬಿಲ್ಲೆ ಅವಳಣ್ಣ ಪುಟ್ಟಮಾದುನ ಹೆಸರಲ್ಲಿತ್ತು. ಅಂವ ಸತ್ತೋಗಿದ್ದ. ಸ್ವಂತ ಹಸ ಇಲ್ದೋಳು ಮೆಂಬರೇ ಅಲ್ಲ ಅಂತ ನಾನು ಕೇಸು ಹಾಕ್ದೆ. ಹಸ ನಂದೇ, ಅಣ್ಣ ಕೊಟ್ಟದ್ದು ಅಂತ ಇವ್ಳು. ಇಲಾಖೆಯೋರು ಬಂದು, ಇಬ್ರೂ ಒಪ್ಪಿದ್ರೆ ಮಾದಪ್ಪನ ಗುಡೀಲಿ ಉರಿಯೋ ಕರ್ಪೂರನ ಕೈಲಿ ಆರಿಸಿ ಆಣೆ ಮಾಡ್ಲಿ ಅಂದ್ರು. ಆರ್ಸುದ್ಲು. ಕೇಸು ವಜಾ ಅಂದ್ಬುಟ್ರು. ನಾನು ಬುಡ್ತೀನಾ, ನಿಮ್ಮತ್ರ ಬಂದೆ."

"ನೀವೂ ಒಪ್ಪಿ ಸಹಿ ಹಾಕಿದ್ದಿರಿ," ಎಂದರು ಸೋಮಶೇಖರ್. ಈಗ ಅವರಿಗೆ ಕಡತ ನೆನಪಾಗಿತ್ತು.

"ಆಕಿದ್ದೆ. ಅವ್ಳು ಕೈ ಇಕ್ಕಲ್ಲ, ಎದರ್ಕೊತಾಳೆ ಅಂದ್ಕೊಂಡಿದ್ದೆ." ಮರಿಮಲ್ಲಪ್ಪ ನಕ್ಕ. ರಸ್ತೆಯಾಚೆ ಬಸ್ಸಿನ ತಂಗುದಾಣದಲ್ಲಿ ಒಬ್ಬ ಹೆಂಗಸು ಹಾಲಿನ ಕ್ಯಾನನ್ನು ಕಾಲ ಬಳಿ ಇಟ್ಟುಕೊಂಡು ಕೂತಿದ್ದಳು. "ಅವ್ಳೇ ನೋಡಿ" ಎಂದು ಆತ ಗಲ್ಲದಲ್ಲೇ ತೋರಿಸಿದ. ಊರಿನ ಡೈರಿ ಇಪ್ಪತ್ತು ಹೆಜ್ಜೆಯಲ್ಲಿರುವಾಗ ಅವಳೇಕೆ ಹಾಲು ಹಿಡಿದು ಬಸ್ಸಿಗೆ ಕಾಯುತ್ತಿದ್ದಾಳೆ ಎಂದು ಸೋಮಶೇಖರ್ ಕೇಳಲಿಲ್ಲ.

ಶುಕ್ರವಾರ ಬೆಳಿಗ್ಗೆ ಆ ಹೆಂಗಸು ಚಾಮರಾಜನಗರದ ಮನೆಯ ಗೇಟಿನ ಮುಂದೆ ನಿಂತಿದ್ದಳು. ಹತ್ತೂಮುಕ್ಕಾಲಾಗಿತ್ತು, ಸೋಮಶೇಖರ್ ಇಸ್ತ್ರಿ ಶರಟಿನಲ್ಲಿ ಹೊರಕೋಣೆಯಲ್ಲಿದ್ದರು. ಸುಧಾಮಣಿ ಒಳಗೆ ಕರೆದು ಕಾಫಿ ಕೊಟ್ಟಳು. ಪುಟ್ಟಮಾದಮ್ಮ ಕುರ್ಚಿಯ ಮೇಲೆ ಕೂರಲಿಲ್ಲ. ಗೋಡೆಗೆ ಒರಗಿ, ಮಂಡಿ ಹಿಡಿದುಕೊಂಡು ಮೆಲ್ಲಗೆ ನೆಲದ ಮೇಲೆ ಕೂತಳು. ಅರವತ್ತರ ಆಸುಪಾಸು. ಅಳಲಿಲ್ಲ, ಬೈಯಲಿಲ್ಲ. ಹೇಳಿ ಹೇಳಿ ಸವೆದ ವಿಷಯವನ್ನು ಹೇಳುವವಳಂತೆ ಹೇಳಿದಳು.

ತೀರ್ಪು ಬಂದು ಡೈರಿಯ ಗೋಡೆಗೆ ಏರಿದ ಮೂರೇ ತಿಂಗಳಿಗೆ ಊರಿಗೆ ಕಾಲುಬಾಯಿ ಜ್ವರ ಬಂದು ಹನ್ನೆರಡು ದನ ಸತ್ತವು. ದೊಡ್ಡ ಕೋರ್ಟೇ ಬರೆದಿದೆ, ಇವಳು ಮಾದಪ್ಪನ ಮುಂದೆ ಸುಳ್ಳು ಆಣೆ ಮಾಡಿದಳು, ಅದಕ್ಕೇ ಊರಿಗೆ ಹೀಗಾಯಿತು ಎಂದರು. ಅವಳ ಹಾಲು ಬಿದ್ದ ಕ್ಯಾನಿಗೆ ತಮ್ಮ ಹಾಲು ಸುರಿಯಲು ಯಾರೂ ಒಪ್ಪಲಿಲ್ಲ. ಅಂದಿನಿಂದ ದಿನಕ್ಕೆರಡು ಹೊತ್ತು ಗುಂಡ್ಲುಪೇಟೆಯ ಬಸ್‌ಸ್ಟ್ಯಾಂಡಿನ ಹತ್ತಿರದ ಮಲಯಾಳಿ ಟೀ ಅಂಗಡಿಗೆ ಹಾಲು ಹೊತ್ತಳು.

"ಆ ಹಸು ಈದ ಕರೂನೇ ಈಗ ಕರೀತಿರೋದು ಬುದ್ದಿ. ನನ್ ಮಂಡಿ ಹೋಗ್ಬುಟ್ಟದೆ. ಕ್ಯಾನ್ ಹಿಡ್ಕಂಡು ಬಸ್ ಅತ್ತಕಾಗಲ್ಲ. ಡೈರಿಗೆ ಮತ್ತೆ ಸೇರ್ಸ್ಕೊಳಿ ಅಂತ ಅರ್ಜಿ ಕೊಟ್ಟಿವ್ನಿ. ಈ ಸಲ ಕಿವಿ ಬಿಲ್ಲೆ ನನ್ ಹೆಸರಲ್ಲೇ ಅದೆ. ಶನಿವಾರ ಮೀಟಿಂಗಲ್ಲಿ ಕೈ ಎತ್ತಿಸ್ತಾರಂತೆ. ಆಗಲ್ಲ ಅಂದ್ರೆ ಹಸ ಮಾರ್ಬುಡ್ಬೇಕು."

"ನಾನೇನು ಮಾಡಬೇಕು?" ಎಂದರು ಸೋಮಶೇಖರ್.

"ನಾನು ಸುಳ್ಳು ಆಣೆ ಮಾಡ್ದೆ ಅಂತ ನೀವು ಬರ್ದಿದ್ದೀರಾ?"

"ಇಲ್ಲ. ಆಣೆ ಸಾಕ್ಷ್ಯ ಆಗುವುದಿಲ್ಲ ಅಂತ ಬರೆದಿದ್ದೇನೆ. ನೀನು ಸುಳ್ಳು ಹೇಳಿದೆ ಅಂತ ಎಲ್ಲೂ ಬರೆದಿಲ್ಲ."

ಪುಟ್ಟಮಾದಮ್ಮ ಲೋಟ ಕೆಳಗಿಟ್ಟಳು. "ಅಂಗಾರೆ ಅಷ್ಟುನ್ನೇ ಬಂದು ಏಳ್ಬುಡಿ ಬುದ್ದಿ. ಡೈರಿ ಮುಂದೆ ನಿಂತ್ಕಂಡು, ಪುಟ್ಟಮಾದಮ್ಮ ಸುಳ್ಳು ಆಣೆ ಮಾಡಿದ್ಲು ಅಂತ ನಾನು ಏಳಿಲ್ಲ ಅಂತ. ನನ್ಗೆ ಇನ್ನೇನೂ ಬ್ಯಾಡ."

"ನೋಡೋಣ," ಎಂದರು ಅವರು. ಅವಳು ಎದ್ದು, ಲೋಟವನ್ನು ತಾನೇ ತೊಳೆದಿಟ್ಟು, ಬಸ್‌ಸ್ಟ್ಯಾಂಡಿನ ದಾರಿ ಹಿಡಿದಳು.

ಸೋಮಶೇಖರ್ ಬೀರು ತೆಗೆದು ತಮ್ಮ ತೀರ್ಪುಗಳ ಹೊಲಿಸಿದ ಪ್ರತಿಯನ್ನು ತೆಗೆದರು. ಮೊದಲಿಂದ ಕೊನೆಯವರೆಗೆ ಎರಡು ಸಲ ಓದಿದರು. ಕಾನೂನಿನಲ್ಲಿ ಒಂದು ಎಳೆಯಷ್ಟೂ ತಪ್ಪಿರಲಿಲ್ಲ. ಈಗ ಬರೆಯಲು ಹೇಳಿದರೂ ಹಾಗೆಯೇ ಬರೆಯುತ್ತಿದ್ದರು. ಹೆಚ್ಚೆಂದರೆ ಆ ದೇವರ ವಾಕ್ಯ ಒಂದನ್ನು ಬಿಡುತ್ತಿದ್ದರೇನೋ. ಆ ವಾಕ್ಯ ತೀರ್ಪಿಗೆ ಬೇಕಿರಲಿಲ್ಲ. ಚೆನ್ನಾಗಿ ಕೇಳಿಸುತ್ತದೆಂದು ಬರೆದದ್ದು.

"ಅವಳು ಕೇಳಿದ್ದು ನಿಜ ತಾನೆ?" ಎಂದಳು ಸುಧಾಮಣಿ ಬಾಗಿಲಲ್ಲಿ ನಿಂತು.

"ನಿಜ."

"ಮತ್ತೆ ಹೋಗಿ ಹೇಳಿ ಬನ್ನಿ. ಒಂದು ಮಾತು."

ಅವರು ಮರಿಮಲ್ಲಪ್ಪನಿಗೆ ಫೋನು ಮಾಡಿದರು. ಮರಿಮಲ್ಲಪ್ಪ ಪೂರ್ತಿ ಕೇಳಿಸಿಕೊಂಡು, ಒಂಚೂರೂ ರೇಗದೆ ಹೇಳಿದ. "ಏಳಿ ಸಾರ್, ನಂದೇನೂ ಇಲ್ಲ. ಆದ್ರೆ ಭಾನ್ವಾರ ಕಳೀಲಿ. ಈಗ ನೀವಂಗೆ ಅಂದ್ರೆ ಜನ ನನ್ನ ಏನಂತಾರೆ? ಮರಿಮಲ್ಲಪ್ಪ ಹತ್ತು ವರ್ಸ ಗೋಡೆ ಮ್ಯಾಲೆ ಸುಳ್ಳು ನೇತಾಕಿದ್ದ ಅನ್ನಲ್ವಾ? ಆಮೇಲೆ ಆರ್ನೂರು ಓಟು ನನ್ ಕೈಲಿರಲ್ಲ. ಎರಡೇ ದಿನ ತಡೀರಿ."

ಎರಡು ದಿನ. ಒಂದು ವಾಯಿದೆ. ಸೋಮಶೇಖರ್ ತಮ್ಮ ಜೀವಮಾನದಲ್ಲಿ ಲಕ್ಷ ಸಲ ವಾಯಿದೆ ಹಾಕಿದ್ದವರು, ಅದರಿಂದ ಯಾರಿಗಾದರೂ ಏನಾದರೂ ಆದದ್ದನ್ನು ಕುರ್ಚಿಯ ಮೇಲಿಂದ ಅವರು ಎಂದೂ ಕಂಡಿರಲಿಲ್ಲ. ಸರಿ ಎಂದರು.

ಶನಿವಾರ ಡೈರಿಯ ಸಭೆಗೆ ಹೋಗದೆ ಇರುವಂತಿರಲಿಲ್ಲ, ಮಾಳದಹುಂಡಿಯ ಎಂಬತ್ತು ಮತದಾರರೂ ಅಲ್ಲೇ ಸೇರುತ್ತಿದ್ದರು. ಶಾಮಿಯಾನ ಹಾಕಿದ್ದರು. ಸೋಮಶೇಖರ್ ಅವರನ್ನು ವೇದಿಕೆಯ ಮೇಲೆ ಕೂರಿಸಿದರು. ಪುಟ್ಟಮಾದಮ್ಮ ಸೀರೆ ಸೆರಗು ಹೊದ್ದು ಕಂಬದ ಪಕ್ಕ ನಿಂತಿದ್ದಳು. ಅವಳು ಅವರನ್ನು ಕಂಡು ಕೈಮುಗಿದಳು, ಬಂದರಲ್ಲ ಎಂಬ ನೆಮ್ಮದಿ ಅವಳ ಮುಖದಲ್ಲಿ ಕಂಡಿತು. ಅದನ್ನು ಕಂಡ ತಕ್ಷಣ ಅವರು ಅಭ್ಯಾಸಬಲದಿಂದ ಕೈಯಲ್ಲಿದ್ದ ಕಾಗದದ ಕಡೆ ನೋಡಿದರು. ಅದು ಸಭೆಯ ಆಹ್ವಾನಪತ್ರ.

ಡೈರಿಯ ಕಾರ್ಯದರ್ಶಿ ಪುಟ್ಟಬಸಪ್ಪ ಮೈಕು ತಂದು ಮುಂದೆ ಹಿಡಿದ. "ಜಡ್ಜ್ ಸಾಹೇಬ್ರು ಎರಡು ಮಾತಾಡ್ಬೇಕು."

ಸೋಮಶೇಖರ್ ಎದ್ದು ನಿಂತರು. ಮುಂದಿನ ಸಾಲಿನಲ್ಲಿ ಮರಿಮಲ್ಲಪ್ಪ ಕಾಲ ಮೇಲೆ ಕಾಲು ಹಾಕಿ ಕೂತಿದ್ದ. ಮಾತು ನಾಲಿಗೆಯ ತುದಿಯಲ್ಲಿತ್ತು. ಹೇಳುವುದಕ್ಕೆ ಎಷ್ಟು ಹೊತ್ತು, ಮೂರು ಉಸಿರು. ಅವರು ಹಾಲಿನ ಪೌಷ್ಟಿಕಾಂಶದ ಬಗ್ಗೆ ಮಾತಾಡಿದರು. ಸಹಕಾರ ತತ್ವದ ಬಗ್ಗೆ ಮಾತಾಡಿದರು. ಹೈನುಗಾರಿಕೆಯಲ್ಲಿ ಮಹಿಳೆಯರ ಪಾತ್ರ ದೊಡ್ಡದು ಎಂದರು. ಏಳು ನಿಮಿಷ ಮಾತಾಡಿ ಕೂತರು. ಚಪ್ಪಾಳೆ ಬಿತ್ತು.

ಆಮೇಲೆ ಪುಟ್ಟಬಸಪ್ಪ ಅರ್ಜಿ ಓದಿದ. ಸೇರಿಸಿಕೊಳ್ಳಬೇಕು ಅನ್ನುವವರು ಕೈ ಎತ್ತಿ ಎಂದಾಗ ಹಿಂದಿನಿಂದ ನಾಲ್ಕು ಕೈ ಮೇಲೆದ್ದವು, ಅದರಲ್ಲಿ ಒಂದು ಅತ್ತಿತ್ತ ನೋಡಿ ಕೆಳಗಿಳಿಯಿತು. ಬೇಡ ಅನ್ನುವವರು ಎಂದಾಗ ಯಾರೂ ಎಣಿಸಲು ಹೋಗಲಿಲ್ಲ. ಪುಟ್ಟಮಾದಮ್ಮ ವೇದಿಕೆಯ ಕಡೆ ನೋಡಲಿಲ್ಲ. ಕಂಬವನ್ನು ಬಿಟ್ಟು, ಒಂದೊಂದೇ ಹೆಜ್ಜೆ ಇಡುತ್ತ ಶಾಮಿಯಾನದಿಂದ ಹೊರಗೆ ಹೋದಳು. ಸೋಮಶೇಖರ್ ಅವರಿಗೆ ಏನೂ ಅನ್ನಿಸಲಿಲ್ಲ. ಅನ್ನಿಸಬೇಕಿತ್ತು ಎಂಬುದು ಗೊತ್ತಿತ್ತು, ಆದರೆ ಅನ್ನಿಸಲಿಲ್ಲ.

ಭಾನುವಾರ ಅವರು ಇನ್ನೂರ ಹದಿನಾಲ್ಕು ಮತಗಳಿಂದ ಗೆದ್ದರು. ಪಟಾಕಿ ಹೊಡೆದರು, ಮೈಸೂರು ಪೇಟ ತೊಡಿಸಿದರು. ಸೋಮವಾರ ಹತ್ತೂಮುಕ್ಕಾಲಕ್ಕೆ ಹಾಸ್ಟೆಲ್ಲಿನ ಕೋಣೆಗೆ ಹೋಗಿ ಎತ್ತರದ ಬೆನ್ನಿನ ಕುರ್ಚಿಯಲ್ಲಿ ಕೂತರು. ಕುರ್ಚಿ ಚೆನ್ನಾಗಿತ್ತು. ಮಂಗಳವಾರವೂ ಕೂತರು, ಬುಧವಾರವೂ. ವಾರ್ಡನ್ ಬಂದು ಸಹಿ ಹಾಕಿಸಿಕೊಂಡು ಹೋದ. ಬಾಗಿಲಾಚೆ ಸೀಟು ಕೇಳುವವರು ಸಾಲುಗಟ್ಟಿದ್ದರು. ಇಷ್ಟಕ್ಕೇ ತಾನೆ ಏಳು ವರ್ಷ ಕಾದದ್ದು ಎಂದು ಅವರು ತಮ್ಮನ್ನೇ ಕೇಳಿಕೊಂಡರು. ಹಿಗ್ಗು ಎಲ್ಲೂ ಕಾಣಿಸಲಿಲ್ಲ.

ಗುರುವಾರ ಊಟಕ್ಕೆ ಬಡಿಸುತ್ತ ಸುಧಾಮಣಿ ಕೇಳಿದಳು. "ಭಾನುವಾರ ಕಳೆದು ನಾಲ್ಕು ದಿನ ಆಯ್ತಲ್ಲ. ಹೋಗಿದ್ರಾ?"

"ನಾಳೆ ಹೋಗ್ತೀನಿ."

ಸುಧಾಮಣಿ ಸಾರಿನ ಪಾತ್ರೆಯನ್ನು ಅವರ ಮುಂದೆ ಇಟ್ಟು ಒಳಗೆ ಹೋದಳು, ಬಡಿಸಲಿಲ್ಲ. ಮೂವತ್ತೆಂಟು ವರ್ಷದ ಸಂಸಾರದಲ್ಲಿ ಅದು ಮೊದಲನೆಯ ಸಲ.

ಶುಕ್ರವಾರ ಯಾರಿಗೂ ಹೇಳದೆ ಗುಂಡ್ಲುಪೇಟೆಯ ಬಸ್ಸು ಹತ್ತಿ, ಅಲ್ಲಿಂದ ಆಟೋ ಹಿಡಿದು ಮಾಳದಹುಂಡಿಗೆ ಬಂದರು. ಸಂಜೆ ಐದಾಗಿತ್ತು. ಪುಟ್ಟಮಾದಮ್ಮನ ಮನೆ ಕೇಳಿದಾಗ ದಾರಿ ತೋರಿಸಿದವನು ಯಾಕೆಂದು ಒಂದು ಸಲ ನೋಡಿದ. ಮನೆಯ ಪಕ್ಕಕ್ಕೆ ಶೀಟು ಹೊದಿಸಿದ ಸಣ್ಣ ಕೊಟ್ಟಿಗೆ. ಅವಳು ಒಣಗಿದ ಸಗಣಿಯನ್ನು ಕೆರೆದು ಬುಟ್ಟಿಗೆ ತುಂಬುತ್ತಿದ್ದಳು. ಗೂಟದಲ್ಲಿ ಹಗ್ಗವಿರಲಿಲ್ಲ.

"ಬನ್ನಿ ಬುದ್ದಿ. ಗೆದ್ರಂತೆ."

"ಹಸು ಎಲ್ಲಿ?"

"ನೆನ್ನೆ ತೆರಕಣಾಂಬಿ ಸಂತೇಲಿ ಕೊಟ್ಬುಟ್ಟೆ. ತಮಿಳ್ನಾಡಿನೋರು ಹೊಡ್ಕಂಡೋದ್ರು." ಅವಳು ಕೈ ಒರೆಸಿಕೊಂಡಳು. "ನೀರು ಕುಡೀತೀರಾ?"

ಅವರು ಬೇಡವೆಂದರು. "ನಾನು ಹೇಳುವುದಕ್ಕೇ ಬಂದೆ. ಈಗ ಡೈರಿಗೆ ಹೋಗಿ ಎಲ್ಲರ ಮುಂದೆ ಹೇಳುತ್ತೇನೆ. ನೀನೂ ಬಾ."

"ಈಗ ಏಳುದ್ರೆ ಯಾರು ನಂಬ್ತಾರೆ ಬುದ್ದಿ?" ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಗೊತ್ತಿಲ್ಲದವರಿಗೆ ತಿಳಿಸಿ ಹೇಳುವ ರೀತಿಯಲ್ಲಿ ಹೇಳಿದಳು. "ಅವತ್ತು ಏಳಿದ್ರೆ ನಂಬೋರು. ಓಟು ಹೋಗ್ತದೆ ಅಂತ ಗೊತ್ತಿದ್ರೂ ಏಳುದ್ರಲ್ಲ, ಅಂಗಾರೆ ನಿಜವೇ ಇರ್ಬೇಕು ಅನ್ನೋರು. ಇವತ್ತು ನಿಮ್ಗೆ ಹೋಗೋದು ಏನದೆ? ನಾನು ಕರ್ಪೂರಕ್ಕೆ ಕೈ ಇಕ್ದಾಗ ನನ್ಗೆ ಒಬ್ಳೇ ಮಗಳು ಪುಟ್ಟಿ. ಸುಳ್ಳಾದ್ರೆ ಮಾದಪ್ಪ ಅವ್ಳುನ್ನ ತಕೊಳ್ಲಿ ಅಂತ ಇಕ್ಕುದ್ದು. ಅದುಕ್ಕೇ ಬುದ್ದಿ ಅವತ್ತು ಊರೆಲ್ಲ ನನ್ನ ನಂಬುದ್ದು. ನಿಮ್ ಕಾಗ್ದ ಬರೋಗಂಟ."

ಸೋಮಶೇಖರ್ ಖಾಲಿ ಗೂಟದ ಕಡೆ ನೋಡಿದರು. ಎಷ್ಟು ಸಾವಿರ ಜನರಿಂದ ಅವರು ಪ್ರಮಾಣ ಮಾಡಿಸಿದ್ದರು, ಅದಕ್ಕೆ ಲೆಕ್ಕವಿರಲಿಲ್ಲ. ಸತ್ಯವನ್ನೇ ಹೇಳುತ್ತೇನೆ ಎಂದು ಸಾಕ್ಷಿಗಳು ಗೊಣಗುವಾಗ ಅವರು ಪೆನ್ನಿನ ಮುಚ್ಚಳ ತೆಗೆಯುತ್ತಿದ್ದರು. ಪ್ರಮಾಣ ಅಂದರೆ ಏನೆಂದು ಯಾರೂ ಅವರಿಗೆ ಹೀಗೆ ಹೇಳಿಕೊಟ್ಟಿರಲಿಲ್ಲ, ಅವರು ಕೇಳಿಯೂ ಇರಲಿಲ್ಲ. ಅವರಿಗೆ ನಾಚಿಕೆಯಾಯಿತು. ಕಿವಿಯವರೆಗೆ ಬಿಸಿಯಾಗಿ, ನಿಂತಲ್ಲಿ ನಿಲ್ಲಲಾಗದಂಥ ನಾಚಿಕೆ. ಇಷ್ಟು ವರ್ಷದ ಮೇಲೆ ಒಳಗೆ ಎದ್ದ ಮೊದಲ ಭಾವ ಅದಾಗಿತ್ತು, ಮತ್ತು ಅದನ್ನು ಏನು ಮಾಡಬೇಕೆಂದು ಅವರಿಗೆ ತಿಳಿಯಲಿಲ್ಲ.

"ನಾನು ಹೇಳಿಯೇ ತೀರುತ್ತೇನೆ," ಎಂದರು.

"ಏಳಿ," ಎಂದಳು ಪುಟ್ಟಮಾದಮ್ಮ. ಬುಟ್ಟಿ ಎತ್ತಿಕೊಂಡು ಹಿತ್ತಲಿಗೆ ಹೋದಳು.

ಡೈರಿಯ ಮುಂದೆ ಹಾಲು ಹಾಕುವ ಹೊತ್ತು. ಇಪ್ಪತ್ತು ಇಪ್ಪತ್ತೈದು ಮಂದಿ ಪಾತ್ರೆ, ಕ್ಯಾನು ಹಿಡಿದು ಸಾಲಾಗಿ ನಿಂತಿದ್ದರು. ಪುಟ್ಟಬಸಪ್ಪ ಹಾಲಿನ ಡಿಗ್ರಿ ನೋಡುತ್ತಿದ್ದವನು ಹಾಸ್ಟೆಲ್ ಸಂಘದ ಹೊಸ ಅಧ್ಯಕ್ಷರನ್ನು ಕಂಡು ದಡಬಡಿಸಿ ಎದ್ದು ಕುರ್ಚಿ ಹುಡುಕಿದ. ಸೋಮಶೇಖರ್ ಕೂರಲಿಲ್ಲ. ಗೋಡೆಯ ಕಟ್ಟನ್ನು ಬೆರಳು ಮಾಡಿ ತೋರಿಸಿ, ಎಲ್ಲರಿಗೂ ಕೇಳಿಸುವಂತೆ ಹೇಳಿದರು.

"ಇದನ್ನು ಬರೆದವನು ನಾನು. ಪುಟ್ಟಮಾದಮ್ಮ ಸುಳ್ಳು ಆಣೆ ಮಾಡಿದಳು ಎಂದು ನಾನು ಇದರಲ್ಲಿ ಹೇಳಿಲ್ಲ. ಆಕೆ ಸುಳ್ಳು ಹೇಳಿದಳೆಂದು ನನಗೆ ಯಾವತ್ತೂ ಅನ್ನಿಸಿಲ್ಲ. ಅವತ್ತು ಶನಿವಾರವೇ ನಾನಿದನ್ನು ಹೇಳಬೇಕಿತ್ತು. ಓಟಿನ ಆಸೆಗೆ ಹೇಳಲಿಲ್ಲ. ಬೇಕಾದರೆ ಈಗಲೇ ಗುಡಿಗೆ ಬಂದು ಕರ್ಪೂರ ಆರಿಸುತ್ತೇನೆ."

ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಯಾರದೋ ಕ್ಯಾನಿನ ಮುಚ್ಚಳ ಸದ್ದಾಯಿತು.

"ಅಯ್ಯೋ, ನಿಮ್ ಕೈಲಿ ಆಣೆ ಮಾಡಿಸೋದುಂಟಾ ಸಾರ್," ಎಂದ ಪುಟ್ಟಬಸಪ್ಪ, ತಲೆ ಬಗ್ಗಿಸಿ, ಬಹಳ ಮರ್ಯಾದೆಯಿಂದ. "ನಿಮ್ ಮಾತೇ ಸಾಕು. ದೊಡ್ಡೋರು, ದೊಡ್ಡ ಮನಸ್ಸು ಮಾಡಿ ಬಂದ್ರಿ." ಸಾಲಿನಲ್ಲಿ ಒಂದಿಬ್ಬರು ಹೌದು ಹೌದು ಎಂದು ತಲೆಯಾಡಿಸಿದರು. ಪುಟ್ಟಬಸಪ್ಪ ಹತ್ತಿರ ಬಂದು ದನಿ ತಗ್ಗಿಸಿದ. "ಇಂಗೆ ಬಂದದ್ದು ಒಳ್ಳೇದೇ ಆಯ್ತು ಸಾರ್. ನಾನೇ ನಾಳೆ ನಿಮ್ಮತ್ರ ಬರೋನಿದ್ದೆ. ನಮ್ ಮೊಮ್ಮಗಳು ಪಿಯುಸಿಗೆ ಸೇರ್ಬೇಕು. ಗುಂಡ್ಲುಪೇಟೆ ಆಸ್ಟೆಲಲ್ಲಿ ಒಂದು ಸೀಟು..."

"ಪುಟ್ಟಮಾದಮ್ಮನ ಅರ್ಜಿ?" ಎಂದರು ಸೋಮಶೇಖರ್. "ಅದನ್ನು ಮತ್ತೆ ಮೀಟಿಂಗಿಗೆ ತನ್ನಿ. ನಾನು ಬರೆದುಕೊಡುತ್ತೇನೆ."

"ಅದೆಂಗಾದದು ಸಾರ್. ನೆನ್ನೆ ಹಸ ಮಾರ್ಬುಟ್ಲಲ್ಲ." ಪುಟ್ಟಬಸಪ್ಪ ಗೋಡೆಯ ಕಡೆ ಕೈ ಮಾಡಿದ. ಅವನಿಗೆ ಅಣಕವೂ ಗೊತ್ತಿರಲಿಲ್ಲ, ಕುಹಕವೂ ಗೊತ್ತಿರಲಿಲ್ಲ. "ಸ್ವಂತ ಹಸ ಇಲ್ದೋರು ಮೆಂಬರ್ ಆಗಂಗಿಲ್ಲ ಅಂತ ಕೊನೇಲಿ ನೀವೇ ಬರ್ದಿದ್ದೀರಲ್ಲ."

ಸಾಲು ಒಂದು ಹೆಜ್ಜೆ ಮುಂದಕ್ಕೆ ಸರಿಯಿತು. ಒಬ್ಬಳು ಪಾತ್ರೆ ಬಗ್ಗಿಸಿ ಹಾಲು ಸುರಿದಳು.

"ನಯನಾ ಅಂತ ಸಾರ್, ಮೊಮ್ಮಗಳ ಹೆಸರು. ಬರ್ಕೊಳಿ," ಎಂದು ಪುಟ್ಟಬಸಪ್ಪ ತನ್ನ ಮೇಜಿನ ಮೇಲಿನ ಪೆನ್ನನ್ನು ಅವರ ಕೈಗೆ ಕೊಟ್ಟ.

ಸೋಮಶೇಖರ್ ಬರೆದುಕೊಂಡರು.